ಪೆನ್‌ಡ್ರೈವ್ ತುಂಬಿದೆ, ತೆರೆದರೆ ಖಾಲಿ: ಹಿಡನ್ ಫೈಲ್‌ಗಳ ಎರಡು ಪದರ

ಪ್ರಾಪರ್ಟೀಸ್ ನೋಡಿದರೆ 6 ಜಿಬಿ ಬಳಕೆಯಾಗಿದೆ ಅನ್ನುತ್ತೆ, ಪೆನ್‌ಡ್ರೈವ್ ತೆರೆದರೆ ಒಳಗೆ ಒಂದೇ ಒಂದು ಶಾರ್ಟ್‌ಕಟ್. ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಫೈಲ್‌ಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ, ವೈರಸ್ ಅಡಗಿಸಿರುವುದರಿಂದ ಕಣ್ಣಿಗೆ ಬೀಳುತ್ತಿಲ್ಲ ಅಷ್ಟೆ. ಆ ಶಾರ್ಟ್‌ಕಟ್ ಮೇಲಂತೂ ಡಬಲ್ ಕ್ಲಿಕ್ ಮಾಡಲೇಬೇಡಿ, ವೈರಸ್ ಓಡುವುದೇ ಅದರಿಂದ.

ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಹಿಡನ್ ಐಟಮ್ಸ್ ಒತ್ತಿ. ವಿಂಡೋಸ್ 10ರಲ್ಲಾದರೆ ವ್ಯೂ ಟ್ಯಾಬ್‌ನಲ್ಲೇ ಟಿಕ್ ಬಾಕ್ಸ್ ಇದೆ. ಅಡಗಿದ್ದವು ಮಸುಕು ಐಕಾನ್‌ಗಳಾಗಿ ಕಾಣುತ್ತವೆ. ಆಪ್‌ಗಳು ತಮ್ಮ ಸೆಟ್ಟಿಂಗ್ಸ್ ಇಡುವ ಆಪ್‌ಡೇಟಾ ಫೋಲ್ಡರ್ ಹುಡುಕುವವರಿಗೆ ಇಷ್ಟೇ ಸಾಕು.

ವೈರಸ್ ಅಡಗಿಸಿದ್ದಕ್ಕೆ ಇದು ಸಾಲದು. ಫ್ಯಾಟ್32 (ಫೈಲ್‌ಗಳನ್ನು ಜೋಡಿಸಿಡುವ ಒಂದು ವಿಧಾನ) ಬಳಸುವ ಪೆನ್‌ಡ್ರೈವ್‌ನಲ್ಲಿ ಪ್ರತಿ ಫೈಲಿಗೂ 32 ಬೈಟ್‌ನ ಒಂದು ಮುಖ್ಯ ನಮೂದು ಇರುತ್ತದೆ. ಅದರಲ್ಲಿ ಒಂದು ಬೈಟ್ ಗುರುತುಗಳಿಗೇ ಮೀಸಲು: ರೀಡ್ ಓನ್ಲಿಗೆ 1, ಹಿಡನ್‌ಗೆ 2, ಸಿಸ್ಟಮ್‌ಗೆ 4. ವೈರಸ್ 2ನ್ನೂ 4ನ್ನೂ ಸೇರಿಸಿ ಹಾಕಿಬಿಡುತ್ತದೆ. ಎರಡೂ ಇದ್ದರೆ ವಿಂಡೋಸ್ ಅದನ್ನು ತನ್ನದೇ ಫೈಲ್ ಎಂದುಕೊಂಡು ಇನ್ನೊಂದು ಪರದೆಯ ಹಿಂದೆ ಇಡುತ್ತದೆ. ಆ ಪರದೆ ಸರಿಸಲು ಫೋಲ್ಡರ್ ಆಪ್ಷನ್ಸ್‌ನ ವ್ಯೂ ಟ್ಯಾಬ್‌ನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಟಿಕ್ ತೆಗೆಯಿರಿ.

ಈಗ ಫೈಲ್ ಕಂಡರೂ ಪ್ರಾಪರ್ಟೀಸ್‌ನಲ್ಲಿ ಹಿಡನ್ ಬಾಕ್ಸ್ ಮಂಕಾಗಿ ಒತ್ತಲು ಬರುವುದಿಲ್ಲ. ಸಿಸ್ಟಮ್ ಗುರುತು ಅಡ್ಡ ಇರುವುದೇ ಕಾರಣ. ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ತೆರೆದು ಡ್ರೈವ್ ಅಕ್ಷರ, ಕೋಲನ್ ಹೊಡೆದು ಎಂಟರ್ ಒತ್ತಿ. ಆಮೇಲೆ ಒಂದೇ ಸಾಲಿನಲ್ಲಿ, ನಡುವೆ ಜಾಗ ಬಿಡುತ್ತಾ: ಅಟ್ರಿಬ್ (attrib), ಮೈನಸ್ ಎಸ್, ಮೈನಸ್ ಎಚ್, ನಕ್ಷತ್ರ ಚಿಹ್ನೆ, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಸ್ಲ್ಯಾಶ್ ಡಿ ಮರೆತರೆ ಫೋಲ್ಡರ್‌ಗಳು ಅಡಗಿಯೇ ಉಳಿಯುತ್ತವೆ. ಮೈನಸ್ ಎಚ್ ಒಂದನ್ನೇ ಹಾಕಿದರೆ 'ನಾಟ್ ರೀಸೆಟಿಂಗ್ ಸಿಸ್ಟಮ್ ಫೈಲ್' ಎಂದು ಹೇಳಿ ಸುಮ್ಮನಾಗುತ್ತದೆ. ಇದನ್ನು ಸಿ ಡ್ರೈವ್‌ನಲ್ಲಿ ಎಂದಿಗೂ ಓಡಿಸಬೇಡಿ, ವಿಂಡೋಸ್‌ನ ಫೈಲ್‌ಗಳ ಗುರುತೂ ಅಳಿಸಿಹೋಗುತ್ತದೆ. ಹೆಸರೇ ಇಲ್ಲದಂತಿರುವ ಒಂದು ಫೋಲ್ಡರ್ ಕಂಡರೆ ಅದರೊಳಗೂ ನೋಡಿ, ಕೆಲವು ವೈರಸ್‌ಗಳು ಎಲ್ಲವನ್ನೂ ಅಲ್ಲಿಗೆ ಸಾಗಿಸಿರುತ್ತವೆ.

ಕೆಲಸ ಮುಗಿದ ಮೇಲೆ ಶಾರ್ಟ್‌ಕಟ್ ಅಳಿಸಿ, ಪೆನ್‌ಡ್ರೈವ್ ಜೊತೆ ಕಂಪ್ಯೂಟರನ್ನೂ ಸ್ಕ್ಯಾನ್ ಮಾಡಿ. ಕಂಪ್ಯೂಟರ್‌ನಲ್ಲಿ ವೈರಸ್ ಉಳಿದಿದ್ದರೆ ಮತ್ತೆ ಅದೇ ಕಥೆ. ತೆಗೆದ ಟಿಕ್ ವಾಪಸ್ ಹಾಕಿ. ಇಲ್ಲದಿದ್ದರೆ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್‌ನದೇ ಆದ ಡೆಸ್ಕ್‌ಟಾಪ್ ಡಾಟ್ ಐಎನ್ಐ ಎಂಬ ಎರಡು ಐಕಾನ್ ಕಾಣಿಸಿಕೊಂಡು ಮತ್ತೆ ಗಾಬರಿ ಹುಟ್ಟಿಸುತ್ತವೆ.

ಮ್ಯಾಕ್‌ನ ಫೈಂಡರ್‌ನಲ್ಲಿ ಕಮಾಂಡ್, ಶಿಫ್ಟ್, ಡಾಟ್ ಒಟ್ಟಿಗೆ ಒತ್ತಿದರೆ ಅಡಗಿದ ಫೈಲ್‌ಗಳು ಕಾಣುತ್ತವೆ, ಮತ್ತೆ ಒತ್ತಿದರೆ ಮಾಯ. ಲಿನಕ್ಸ್‌ನ ಬಹುತೇಕ ಫೈಲ್ ಮ್ಯಾನೇಜರ್‌ಗಳಲ್ಲಿ ಕಂಟ್ರೋಲ್ ಎಚ್. ಅಲ್ಲಿ ಅಡಗಿಸಲು ಹೆಸರಿನ ಮೊದಲಿಗೆ ಒಂದು ಚುಕ್ಕೆ ಇಟ್ಟರೆ ಸಾಕು. ವಿಂಡೋಸ್‌ಗೆ ಆ ಚುಕ್ಕೆ ಲೆಕ್ಕಕ್ಕಿಲ್ಲ, ಹಾಗೆಯೇ ವಿಂಡೋಸ್‌ನಲ್ಲಿ ಹಿಡನ್ ಮಾಡಿದ ಫ್ಯಾಟ್32 ಪೆನ್‌ಡ್ರೈವ್ ಲಿನಕ್ಸ್‌ನಲ್ಲಿ ಎಲ್ಲವನ್ನೂ ತೋರಿಸುತ್ತದೆ. ಹಾಗಾಗಿ ಬೇರೆಯವರು ನೋಡಬಾರದ ಕಾಗದಪತ್ರಗಳಿಗೆ ಹಿಡನ್ ನೆಚ್ಚಬೇಡಿ, ವೆರಾಕ್ರಿಪ್ಟ್‌ನಂಥ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿಡಿ.