ಯಾರು ಯಾರನ್ನು ಏನೆಂದು ಕರೆದರು
(ಹಳೆಯ ವಿದ್ಯಾರ್ಥಿಯ ನೆನಪುಗಳು)

ಗ್ರಂಥಾಲಯದ ಕೊನೆಯ ಉದ್ದನೆ ಮೇಜು, ಸುತ್ತ ಹನ್ನೆರಡು ಜನ, ಒಂದೇ ಪುಸ್ತಕದ ಮೂರು ಪ್ರತಿ, 200 ಪುಟದ ಒಂದು ಗೆರೆ ನೋಟ್‌ಬುಕ್. ನಮ್ಮ ಕಾಲದ ಓದುಕೂಟಕ್ಕೆ ಇದ್ದ ಬಂಡವಾಳ ಇಷ್ಟೇ. ‘ನಾನು ಯಾರು, ನನ್ನವರು ಯಾರು’ ಎಂದು ಕೇಳುವ ಕನ್ನಡ ಪುಸ್ತಕಗಳನ್ನು ಓದುವುದು ಹೇಗೆಂದು ಆ ನೋಟ್‌ಬುಕ್ ಕಲಿಸಿದಷ್ಟು ಯಾವ ಟಿಪ್ಪಣಿಯೂ ಕಲಿಸಲಿಲ್ಲ.

ಅದರಲ್ಲಿ ನಾಲ್ಕು ಕಾಲಂ: ಅಧ್ಯಾಯ, ಯಾರು, ಯಾರಿಗೆ, ಯಾವ ಪದ. ಪುಟಸಂಖ್ಯೆ ಬರೆಯುತ್ತಿರಲಿಲ್ಲ. ಮೂರು ಪ್ರತಿಗಳು ಮೂರು ಮುದ್ರಣದವಾದರೆ ಒಬ್ಬರ 40ನೇ ಪುಟ ಇನ್ನೊಬ್ಬರಿಗೆ 52 ಆಗಿ, ಅರ್ಧ ಗಂಟೆ ಹುಡುಕಾಟದಲ್ಲೇ ಹೋಗುತ್ತದೆ. ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟುವಂತಿಲ್ಲ, ಕಥೆ ಕಥೆಯಾಗಿ ಒಳಗಿಳಿಯಲಿ ಎಂದು. ಎರಡನೆಯ ಓದಿನಲ್ಲಿ ಮಾತ್ರ ನೋಟ್‌ಬುಕ್ ತೆರೆಯುವುದು. ಒಂದು ಪ್ರತಿಗೆ ನಾಲ್ವರು, ಒಬ್ಬೊಬ್ಬರಿಗೆ ಒಂದು ವಾರ. ಸಣ್ಣ ಪುಸ್ತಕ ಒಂದು ತಿಂಗಳಲ್ಲಿ ಎಲ್ಲರ ಕೈ ದಾಟುತ್ತಿತ್ತು.

ಕರೆಯುವ ಪದವನ್ನೇ ಯಾಕೆ ಹಿಡಿಯಬೇಕು? ಕನ್ನಡದಲ್ಲಿ ಒಬ್ಬನ ಸ್ಥಾನ ಕ್ರಿಯಾಪದದ ತುದಿಯಲ್ಲೇ ಕೂತಿರುತ್ತದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ತೆಗೆದುಕೊಳ್ಳಿ. ನಿರೂಪಕ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರನ್ನು ‘ಅವರು’ ಎನ್ನುತ್ತಾನೆ, ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿಯನ್ನು ‘ಅವಳು’ ಎನ್ನುತ್ತಾನೆ. ಇದು ಯಾರಿಗೂ ಆಶ್ಚರ್ಯವಲ್ಲ. ಆದರೆ ಆಚಾರ ಬಿಟ್ಟು ಬದುಕಿ ಸತ್ತ ನಾರಣಪ್ಪನೂ ಅದೇ ಅಗ್ರಹಾರದ ಬ್ರಾಹ್ಮಣ. ಅವನು ಮಾತ್ರ ‘ಅವನು’. ಹುಟ್ಟಿನಿಂದ ಬಂದದ್ದು ಇಬ್ಬರಿಗೂ ಒಂದೇ, ಆದರೂ ಊರು ಕೊಡುವ ಬಹುವಚನ ಒಬ್ಬರಿಗಷ್ಟೇ. ಶವಸಂಸ್ಕಾರ ಯಾರು ಮಾಡಬೇಕು ಎಂಬ ಇಡೀ ಜಗಳ ಆ ವಚನದಲ್ಲೇ ಅಡಗಿದೆ. ಇಂಗ್ಲಿಷ್ ಅನುವಾದದಲ್ಲಿ ಇದು ಕಾಣುವುದೇ ಇಲ್ಲ, ಮೂರು ಜನಕ್ಕೂ ಗೌರವದ ಏರಿಳಿತ ತೋರದ ಸರ್ವನಾಮವೇ. ಕನ್ನಡ ಓದಬಲ್ಲವರು ಈ ಕಾದಂಬರಿಯನ್ನು ಅನುವಾದದಲ್ಲಿ ಓದಿ ಮುಗಿಸಿದರೆ ದೊಡ್ಡ ನಷ್ಟ ಎಂದು ಇಂದಿಗೂ ನನ್ನ ನಂಬಿಕೆ.

ಅದರ ಕೊನೆಯ ಭಾಗವನ್ನು ನಿಧಾನ ಓದಬೇಕು. ಅವಸರದ ಓದುಗರು ಚಂದ್ರಿಯ ಪ್ರಸಂಗ ಮುಗಿದೊಡನೆ ಕಥೆ ಮುಗಿಯಿತೆಂದು ಹಾಳೆ ಸರಸರ ತಿರುವುತ್ತಾರೆ. ನಿಜವಾದ ಪ್ರಶ್ನೆ ಶುರುವಾಗುವುದೇ ಆಮೇಲೆ. ಆಚಾರ್ಯರು ದುರ್ವಾಸಪುರ ಬಿಟ್ಟು ಹೊರಟಿದ್ದಾರೆ, ಮಾಲೇರ ಜಾತಿಯ ಪುಟ್ಟ ಎಂಬವನು ದಾರಿಯಲ್ಲಿ ಗಂಟುಬಿದ್ದಿದ್ದಾನೆ, ಬಿಡುವುದಿಲ್ಲ. ಅಗ್ರಹಾರದೊಳಗೆ ಯಾರೂ ಕೇಳದಿದ್ದ ‘ನೀವು ಯಾರು, ಎತ್ತ’ ಎಂಬ ಮಾತಿಗೆ ಈಗ ಸರಿಯಾದ ಉತ್ತರವಿಲ್ಲ. ಮೇಳಿಗೆಯ ತೇರಿನ ಜನಜಂಗುಳಿ, ಹೆಂಡತಿ ಸತ್ತ ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು, ಯಾರಾದರೂ ಗುರುತು ಹಿಡಿದಾರೆಂಬ ಭಯ. ಹೊಟ್ಟೆ ಹಸಿದಿದೆ, ಎಲೆ ಮುಂದಿದೆ, ಕಣ್ಣು ಅತ್ತಿತ್ತ. ಗುರುತು ಎನ್ನುವುದು ಒಳಗಿನ ವಸ್ತುವೋ, ಎದುರಿಗಿರುವವರ ಕಣ್ಣಿನಲ್ಲಿರುವುದೋ ಎಂಬ ಚರ್ಚೆಗೆ ಇದಕ್ಕಿಂತ ಗಟ್ಟಿ ಜಾಗ ನನಗೆ ಗೊತ್ತಿಲ್ಲ.

ದೊಡ್ಡ ಪುಸ್ತಕಕ್ಕೆ ಬೇರೆ ತಯಾರಿ ಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಿಡಿದವರಲ್ಲಿ ಬಹಳ ಜನ ನೂರು ಪುಟದೊಳಗೆ ಕೈಬಿಡುತ್ತಾರೆ. ಕಾರಣ ಭಾಷೆಯಲ್ಲ, ಹೆಸರುಗಳ ಗೊಂದಲ. ಅದಕ್ಕೆ ಮದ್ದು ಒಂದೇ: ಡ್ರಾಯಿಂಗ್ ಹಾಳೆಯಲ್ಲಿ ಮನೆಗಳನ್ನು ಬರೆಯುವುದು. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ. ಆಯಾ ಮನೆಯ ಕೆಳಗೆ ಗೌಡ, ಹೆಗ್ಗಡೆ, ಅವರ ಹೆಂಡಿರು ಮಕ್ಕಳು, ಆಳುಗಳು. ಹೊಸಬರು ಬಂದಾಗೆಲ್ಲ ಅವರ ಮನೆಯ ಕೆಳಗೆ ಸೇರಿಸುತ್ತಾ ಹೋದರೆ ನಾಯಿಗುತ್ತಿ ಯಾರ ಆಳು, ತಿಮ್ಮಿ ಯಾವ ಮನೆಗೆ ಸೇರಿದವಳು, ಅವಳನ್ನು ಹಾರಿಸಿಕೊಂಡು ಹೋಗುವುದು ಅಷ್ಟು ದೊಡ್ಡ ರಂಪವೇಕೆ ಎಂಬುದು ತಾನಾಗಿ ತಿಳಿಯುತ್ತದೆ. ಅಲ್ಲಿ ‘ಸೇರಿದವರು’ ಎಂದರೆ ಪ್ರೀತಿಗೆ ಸೇರಿದವರಲ್ಲ, ಸೊತ್ತಿಗೆ ಸೇರಿದವರು. ನಕ್ಷೆ ಇಲ್ಲದೆ ಓದಿದವರಿಗೆ ಇದು ಬರಿಯ ಓಡಿಹೋದ ಪ್ರೇಮಿಗಳ ಕಥೆಯಾಗಿ ಕಾಣುವ ಅಪಾಯವಿದೆ.

ಆತ್ಮಕಥೆಗೆ ನೋಟ್‌ಬುಕ್ಕಿನಲ್ಲಿ ಐದನೆಯ ಕಾಲಂ ಸೇರುತ್ತಿತ್ತು: ನೋಡುತ್ತಿರುವುದು ಹುಡುಗನೋ, ಬರೆಯುತ್ತಿರುವ ಹಿರಿಯನೋ? ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದಲ್ಲಿ ಇಬ್ಬರು ನೊಗಕ್ಕೆ ಹೆಗಲು ಕೊಟ್ಟು ಎತ್ತುಗಳಂತೆ ಎಳೆಯುತ್ತಿದ್ದಾರೆ, ಇನ್ನೊಬ್ಬ ಹಿಂದಿನಿಂದ ಉಳುತ್ತಿದ್ದಾನೆ. ಹುಡುಗನಿಗೆ ಅದು ಮೋಜು. ಆಮೇಲೆ ಗೊತ್ತಾಗುತ್ತದೆ, ಆ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ. ಮೋಜು ಹುಡುಗನದು, ಅದನ್ನು ಅಳಿಸದೆ ಹಾಗೇ ಉಳಿಸಿಕೊಳ್ಳುವ ಧೈರ್ಯ ಹಿರಿಯನದು. ಈ ಎರಡು ದನಿಗಳನ್ನು ಬೇರ್ಪಡಿಸದಿದ್ದರೆ ಪುಸ್ತಕದ ನಗುವೂ ತಪ್ಪಾಗಿ ಕೇಳಿಸುತ್ತದೆ, ನೋವೂ ತಪ್ಪಾಗಿ ಕೇಳಿಸುತ್ತದೆ. ಹೆಸರನ್ನೂ ಗಮನಿಸಿ: ಊರು ಬೇರೆ, ದಲಿತರ ಕೇರಿ ಬೇರೆ. ಅರವಿಂದ ಮಾಲಗತ್ತಿಯವರ ದಲಿತ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ಕ್ಕೂ ಅಷ್ಟೆ, ಹೆಸರೇ ಮೊದಲ ಅಧ್ಯಾಯ.

ಇಂಥ ಪುಸ್ತಕಗಳ ಚರ್ಚೆ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪುಸ್ತಕ ಯಾವ ಸಮುದಾಯದ್ದೋ ಆ ಸಮುದಾಯದ ಒಬ್ಬರು ಮೇಜಿನ ಬಳಿ ಇದ್ದರೆ ಎಲ್ಲರ ಮುಖ ಅತ್ತ ತಿರುಗುತ್ತದೆ: ‘ನಿಮ್ಮ ಕಡೆ ನಿಜವಾಗಿ ಹೀಗೇನಾ?’ ಅಲ್ಲಿಗೆ ಅವರು ಓದುಗರಾಗಿ ಉಳಿಯುವುದಿಲ್ಲ, ಸಾಕ್ಷಿಯಾಗಿಬಿಡುತ್ತಾರೆ. ಆದ್ದರಿಂದ ಕೂಟದಲ್ಲಿ ಖಡಾಖಂಡಿತ ನಿಯಮವಿತ್ತು. ತಾವಾಗಿ ಹೇಳಿದರೆ ಕೇಳಬೇಕು, ತಾವಾಗಿ ಹೇಳದಿದ್ದರೆ ಕೇಳಬಾರದು, ಪ್ರತಿ ಮಾತಿಗೂ ಅಧ್ಯಾಯ ತೋರಿಸಬೇಕು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದುವಾಗ ಈ ನಿಯಮ ಇನ್ನೂ ಬಿಗಿಯಾಗಿರಬೇಕು. ಕಾಸರಗೋಡಿನ ಸೀಮೆಯ ನಾದಿರಾಳ ತಲಾಖನ್ನು ತೀರ್ಮಾನಿಸುವವರು ಬೇರೆಯವರು, ಅದೇ ಗಂಡನ ಬಳಿ ಮರಳಬೇಕಾದರೆ ನಡುವೆ ಇನ್ನೊಂದು ಮದುವೆ ಆಗಬೇಕೆನ್ನುವವರೂ ಬೇರೆಯವರು. ಧರ್ಮದ ಬಗ್ಗೆ ಗುಲ್ಲೆಬ್ಬಿಸುವ ಬದಲು ಒಂದು ಕೆಲಸ ಮಾಡಿ: ‘ನಿನಗೇನು ಬೇಕು’ ಎಂದು ಅವಳನ್ನು ಯಾರಾದರೂ ಕೇಳುವ ಜಾಗಗಳಿಗೆ ಮಾತ್ರ ಗುರುತು ಹಾಕುತ್ತಾ ಹೋಗಿ.

ದೇವನೂರ ಮಹಾದೇವರ ‘ಕುಸುಮಬಾಲೆ’ ಚಿಕ್ಕದೆಂದು ಮೋಸಹೋಗಬಾರದು. ಮೌನವಾಗಿ ಓದಿದರೆ ಮೊದಲ ಪುಟದಲ್ಲೇ ಕಾಲು ಹೂಳುತ್ತದೆ. ನಂಜನಗೂಡು, ಚಾಮರಾಜನಗರದ ಕಡೆಯ ಮಾತು ಕಿವಿಗೆ ಬಿದ್ದರೆ ದಾರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಕಡೆಯ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಪುಸ್ತಕ ಮುಚ್ಚಿ ಕೇಳಲಿ.

ಬೆಳವಣಿಗೆ ಎಂದೊಡನೆ ನಾಯಕ ಬದಲಾಗಬೇಕೆಂದು ಕಾಯುವುದೂ ಒಂದು ತಪ್ಪು. ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಮಂದಣ್ಣ ಮೊದಲಿನಿಂದ ಕೊನೆಯವರೆಗೆ ಮಂದಣ್ಣನೇ. ಊರಿಗೆ ಕೆಲಸಕ್ಕೆ ಬಾರದವನಾಗಿ ಕಂಡವನು ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಹುಟ್ಟಾ ಜೀವವಿಜ್ಞಾನಿ. ಬೆಳೆಯಬೇಕಾದದ್ದು ಅವನನ್ನು ನೋಡುವವರ ಕಣ್ಣು.

ಕೂಟವನ್ನು ಮತ್ತೆ ಶುರು ಮಾಡುವವರು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಮೊದಲು ಎತ್ತಿಕೊಳ್ಳಲಿ. ಎರಡು ಸಂಜೆಯ ಓದು. ಕಥೆ ಹೇಳುವವನಿಗೆ ಹೆಸರೇ ಇಲ್ಲ, ಹಾಗಾಗಿ ‘ಯಾರು’ ಎಂಬ ಕಾಲಮ್ಮಿನಲ್ಲಿ ಏನು ಬರೆಯಬೇಕೆಂಬ ತಕರಾರು ಮೊದಲ ದಿನವೇ ಎದ್ದು ಚರ್ಚೆ ಕಾವೇರುತ್ತದೆ. ಶೀರ್ಷಿಕೆಯ ಆ ಎರಡು ಪದಗಳು ಅವನ ಹೆಂಡತಿ ಅನಿತಾಳ ತವರಿನವರಿಗಷ್ಟೇ ಅರ್ಥವಾಗುವಂಥವು. ಮದುವೆಯಾದ ಮೇಲೆ ಅವಳು ಅದನ್ನು ಗಂಡನಿಗೆ ಕಲಿಸುತ್ತಾಳೆ. ಆ ಪುಟ ಬಂದಾಗ ಓದು ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ಮನೆಯೊಳಗೆ ಮಾತ್ರ ನಡೆಯುವ ಒಂದು ಪದವನ್ನು ಚೀಟಿಯಲ್ಲಿ ಬರೆಯಲಿ, ಹೆಸರು ಹಾಕದೆ. ಚೀಟಿಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಅಂಟಿಸಿ, ಆಮೇಲೆ ಮುಂದಿನ ಅಧ್ಯಾಯಕ್ಕೆ ಹೋಗಿ.