ಮ್ಯಾಗಿಯ ಫೋಟೋ ಎಲ್ಲಿ?

ನಮ್ಮ ಮನೆಯ ಆಲ್ಬಮ್‌ನಲ್ಲಿ ಅಣ್ಣನ ಫೋಟೋ 31 ಇವೆ. ಅಕ್ಕನದು 14. ನನ್ನದು 2. ಆ ಎರಡರಲ್ಲಿ ಒಂದರಲ್ಲಿ ನಾನು ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಬೆನ್ನು ತೋರಿಸಿ ಕೂತಿದ್ದೇನೆ. ಅದು ನಾನೇ ಅಂತ ಅಮ್ಮ ಹೇಳುತ್ತಾರೆ. ಫ್ರಾಕಿನ ಗುರುತಂತೆ.

ಮನೆಗೆ ಮೂರನೆಯವರಾಗಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಗು ತೆವಳಿದರೂ ಫೋಟೋ, ಸೀನಿದರೂ ಫೋಟೋ. ಮೂರನೆಯದು ಬರುವ ಹೊತ್ತಿಗೆ ಕ್ಯಾಮೆರಾ ಯಾರ ಮನೆಯಲ್ಲಿದೆ ಅನ್ನೋದೇ ಮರೆತಿರುತ್ತೆ.

2006ರಲ್ಲಿ ನಾನು ಹಾಸ್ಟೆಲಿನಲ್ಲಿದ್ದೆ. ರೂಮ್‌ಮೇಟ್‌ನ ಕಂಪ್ಯೂಟರಿನಲ್ಲಿ 'ದಿ ಸಿಂಪ್ಸನ್ಸ್' ರಾಶಿ ರಾಶಿ ಬಿದ್ದಿತ್ತು. ಮ್ಯಾಟ್ ಗ್ರೋನಿಂಗ್ ಅನ್ನುವವರು ಹುಟ್ಟುಹಾಕಿದ, ಅಮೆರಿಕದ ಫಾಕ್ಸ್ ಚಾನೆಲಿನಲ್ಲಿ 1989ರ ಡಿಸೆಂಬರಿನಿಂದ ಬರುತ್ತಿರುವ ಹಳದಿ ಮೈಯ ಸಂಸಾರದ ಕಾರ್ಟೂನು. ಅಪ್ಪ ಹೋಮರ್, ಅಮ್ಮ ಮಾರ್ಜ್, ಮಗ ಬಾರ್ಟ್, ಮಗಳು ಲೀಸಾ, ಕೊನೆಯದಾಗಿ ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡ ಕೂಸು ಮ್ಯಾಗಿ. ಗ್ರೋನಿಂಗ್ ಅವರ ತಂದೆಯ ಹೆಸರೂ ಹೋಮರ್, ತಂಗಿಯರು ಲೀಸಾ ಮತ್ತು ಮ್ಯಾಗಿ. ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಮುಂದಿನ ಯುಗಾದಿಗೆ ಮನೆಗೆ ಸೇರಿಸುತ್ತಿರಲಿಲ್ಲ.

ಅಣ್ಣ, ಅಕ್ಕ, ಆಮೇಲೆ ನಾನು. ಲೆಕ್ಕ ಸರಿಹೋಯಿತು. ನಾನು ಮ್ಯಾಗಿ.

ಒಂದು ರಾತ್ರಿ ಇಂಟರ್ನಲ್ಸ್‌ಗೆ ಓದುವುದು ಬಿಟ್ಟು 'ಅಂಡ್ ಮ್ಯಾಗಿ ಮೇಕ್ಸ್ ತ್ರೀ' ನೋಡಿದೆ. ಆರನೇ ಸೀಸನ್ನಿನದು, 1995ರ ಜನವರಿ 22ರಂದು ಮೊದಲು ಬಂದದ್ದು. ಶುರುವಿನಲ್ಲಿ ಎಲ್ಲರೂ ಮಾತಾಡುವ ದೋಣಿಯೊಂದು ಕಳ್ಳರನ್ನು ಹಿಡಿಯುವ ಧಾರಾವಾಹಿ ನೋಡುತ್ತಿರುತ್ತಾರೆ. ಮಾರ್ಜ್ ಟೀವಿ ಆರಿಸಿ ಆಲ್ಬಮ್ ತೆಗೆಯುತ್ತಾಳೆ. ಮಕ್ಕಳು ಪುಟ ತಿರುಗಿಸುತ್ತಾ ಕೇಳುತ್ತಾರೆ, ಮ್ಯಾಗಿಯ ಫೋಟೋ ಯಾಕೆ ಒಂದೂ ಇಲ್ಲ?

ನಾನು ಹಾಸಿಗೆಯಿಂದ ಎದ್ದು ಕೂತೆ.

ಹೋಮರ್ ಕಥೆ ಹೇಳುತ್ತಾನೆ. ಅಣುಸ್ಥಾವರದ ಕೆಲಸ ಅವನಿಗೆ ಸಾಕುಸಾಕಾಗಿರುತ್ತೆ. ಒಂದು ದಿನ ಸಾಲವೆಲ್ಲ ತೀರುತ್ತದೆ. ಆ ಖುಷಿಗೆ ಕೆಲಸ ಬಿಡುತ್ತಾನೆ. ಸುಮ್ನೆ ಬಿಡುವುದಿಲ್ಲ, ಯಜಮಾನ ಬರ್ನ್ಸ್‌ನ ಬೋಳುತಲೆಯನ್ನು ತಬಲಾ ಥರ ಬಾರಿಸಿ, ಹೊರಗೆ ಬರುವ ದಾರಿಯ ಸೇತುವೆಗೆ ಬೆಂಕಿ ಇಟ್ಟು ಬರುತ್ತಾನೆ. ಆಮೇಲೆ ಅವನ ಕನಸಿನ ಕೆಲಸ ಸಿಗುತ್ತೆ. ಸ್ನೇಹಿತ ಬಾರ್ನಿಯ ಅಂಕಲ್ ನಡೆಸುವ ಬೌಲಿಂಗ್ ಅಡ್ಡೆಯಲ್ಲಿ. ಸಂಬಳ ಕಡಿಮೆ. ಆದರೆ ಇಬ್ಬರು ಮಕ್ಕಳ ಸಂಸಾರಕ್ಕೆ ಅಲ್ಲಿಂದಲ್ಲಿಗೆ ಸಾಕು ಅಂತ ಲೆಕ್ಕ ಹಾಕಿಯೇ ಸೇರಿರುತ್ತಾನೆ. ಅಷ್ಟರಲ್ಲಿ ಮಾರ್ಜ್ ಬಸುರಿ.

ಇಲ್ಲಿಂದ ಮುಂದೆ ಬರಹ ಎಂಥ ಜಾಣತನದ್ದು ಅಂದರೆ, ಊರಿಗೆಲ್ಲ ವಿಷಯ ಗೊತ್ತು, ಹೋಮರ್‌ಗೆ ಮಾತ್ರ ಗೊತ್ತಿಲ್ಲ. ಹೆಂಡ ಮಾರುವ ಮೋ ಬಂದು, ಹೆಂಡತಿಯನ್ನು ಬಸುರಿ ಮಾಡಿದ್ದಕ್ಕೆ ಶಭಾಷ್ ಅನ್ನುತ್ತಾನೆ. ಹೋಮರ್ ಅದನ್ನೂ ಹೊಸ ಕೆಲಸಕ್ಕೆ ಸಿಕ್ಕ ಮೆಚ್ಚುಗೆ ಅಂದುಕೊಂಡು ಥ್ಯಾಂಕ್ಸ್ ಹೇಳುತ್ತಾನೆ. ಕೊನೆಗೆ ಪಕ್ಕದ ಮನೆಯಾಕೆ 'ಹೊಸ ಕೆಲಸಕ್ಕೆ ಅಭಿನಂದನೆ' ಅಂದಾಗ ತಲೆಯೊಳಗೆ ದೀಪ ಹತ್ತುತ್ತೆ. ಹೊಸ ಕೆಲಸವಾ? ಹಾಗಾದರೆ ಮಾರ್ಜ್ ಬಸುರಿಯಾ! ಇದನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ.

ಸಂಬಳ ಏರಿಸಿ ಅಂದರೆ ಬೌಲಿಂಗ್ ಅಡ್ಡೆಗೆ ಅಷ್ಟು ಗಿರಾಕಿಗಳಿಲ್ಲ. ಗಿರಾಕಿಗಳನ್ನು ಕರೆಯಲು ಹೋಮರ್ ಬಾಗಿಲಲ್ಲಿ ನಿಂತು ಬಂದೂಕು ಹಾರಿಸುತ್ತಾನೆ. ಅದೂ ಕೆಲಸಕ್ಕೆ ಬರುವುದಿಲ್ಲ. ಕೊನೆಗೆ ಹಳೆ ಕೆಲಸಕ್ಕೇ ವಾಪಸ್. ಬೇಡಿಕೊಂಡು ಬರುವವರಿಗೆ ಅಂತಲೇ ಅಲ್ಲೊಂದು ಗಿಡ್ಡ ಬಾಗಿಲಿದೆ, ಅದರಲ್ಲಿ ಮಂಡಿಯೂರಿ ನುಗ್ಗಬೇಕು. ಬರ್ನ್ಸ್ ಅವನ ಮೇಜಿನೆದುರು ಫಲಕ ಹಾಕಿಸುತ್ತಾನೆ. 'ಡೋಂಟ್ ಫರ್ಗೆಟ್: ಯು ಆರ್ ಹಿಯರ್ ಫಾರೆವರ್.' ನೆನಪಿಟ್ಟುಕೋ, ಸಾಯೋವರೆಗೂ ನೀನು ಇಲ್ಲೇ.

ಮ್ಯಾಗಿ ಹುಟ್ಟುತ್ತಾಳೆ. ಕಥೆ ಮುಗಿಯಿತು, ಫೋಟೋಗಳು ಎಲ್ಲಿ ಅಂತ ಮಕ್ಕಳು ಮತ್ತೆ ಕೇಳುತ್ತಾರೆ. ನನ್ನ ಮನಸ್ಸಿಗೆ ಎಲ್ಲಿ ಉಲ್ಲಾಸ ಜಾಸ್ತಿ ಬೇಕೋ ಅಲ್ಲಿಟ್ಟಿದ್ದೇನೆ ಅನ್ನುತ್ತಾನೆ ಹೋಮರ್. ಆಮೇಲೆ ಆ ಫಲಕ ತೋರಿಸುತ್ತಾರೆ. ಮೈತುಂಬ ಮ್ಯಾಗಿಯ ಫೋಟೋಗಳು. ಅವು ಮುಚ್ಚಿದ ಮೇಲೆ ಉಳಿದ ಅಕ್ಷರಗಳು: 'ಡೂ ಇಟ್ ಫಾರ್ ಹರ್.' ಅವಳಿಗಾಗಿ ಮಾಡು.

ನಾನು ಅತ್ತುಬಿಟ್ಟೆ ಅಂತ ಹೇಳಿದರೆ ರೂಮ್‌ಮೇಟ್ ಇವತ್ತಿಗೂ ಒಪ್ಪುತ್ತಾಳೆ. ಆದರೆ ಅಳುವಿನ ಜೊತೆ ತಲೆಗೊಂದು ಹುಳವೂ ಹೊಕ್ಕಿತು. ನನ್ನ ಫೋಟೋಗಳೂ ಅಪ್ಪನ ಆಫೀಸಿನಲ್ಲಿ ಇರಬಹುದಲ್ವಾ?

ಅಪ್ಪ ತಿಪಟೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಲ್ಲಿಗೆ ನಾವು ಹೋಗುವ ಹಾಗಿರಲಿಲ್ಲ. 'ಆಫೀಸು ಜಾತ್ರೆಯಲ್ಲ' ಅನ್ನುತ್ತಿದ್ದರು. ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಇದೆ ಅಂದುಕೊಂಡೇ ಹತ್ತು ವರ್ಷ ಕಳೆದೆ.

2016ರ ಮೇ 31. ಅಪ್ಪನ ನಿವೃತ್ತಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಹುಟ್ಟಿದ ದಿನದ ಪ್ರಕಾರ 60 ತುಂಬಿತ್ತು. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೇಜು ಖಾಲಿ ಮಾಡಲು ನಾನೇ ನಿಂತೆ. ಮೇಜಿನ ಮೇಲೆ ದಪ್ಪ ಗಾಜು. ಗಾಜಿನ ಕೆಳಗೆ ಏನೇನೋ ತುರುಕಿದ್ದರು. ಎದೆ ಡವಡವ ಅಂತಿತ್ತು.

ಶೃಂಗೇರಿ ಶಾರದಾಂಬೆ. ಅರಸೀಕೆರೆ ಕಡೆಗೆ ಹೋಗುವ ರೈಲುಗಳ ಸಮಯ, ಅಪ್ಪನ ಕೈಬರಹದಲ್ಲಿ. ಎಲ್‌ಐಸಿ ಕಂತಿನ ರಸೀದಿ. ಆ ವರ್ಷದ ಸರ್ಕಾರಿ ರಜೆಗಳ ಪಟ್ಟಿ. ನಡುಮಧ್ಯದಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ, ಪಂಚೆ ಉಟ್ಟು ನಗುತ್ತಿರುವ ಡಾ. ರಾಜ್‌ಕುಮಾರ್.

'ನನ್ನ ಫೋಟೋ?' ಅಂದೆ. ಬಾಯಿ ಜಾರಿ ಬಂದೇಬಿಟ್ಟಿತು.

'ನಿಂದು ಯಾಕೆ? ಮನೇಲಿ ದಿನಾ ನೋಡ್ತಿದ್ದೆನಲ್ಲ' ಅಂದರು ಅಪ್ಪ. ರಾಜ್‌ಕುಮಾರರನ್ನು ಜೋಪಾನವಾಗಿ ತೆಗೆದು ಫೈಲಿನೊಳಗೆ ಇಟ್ಟುಕೊಂಡರು.

ಆ ಸಂಜೆ, ಸ್ವಲ್ಪ ಸಿಟ್ಟಿನಲ್ಲೇ ಅನ್ನಿ, ಲ್ಯಾಪ್‌ಟಾಪ್ ತೆಗೆದು ಅಪ್ಪನಿಗೆ ಆ ಕಂತು ತೋರಿಸಿದೆ. ಸಬ್‌ಟೈಟಲ್ ಹಾಕಿದೆ. ಮೂವತ್ತೆಂಟು ವರ್ಷ ಇಂಗ್ಲಿಷಿನಲ್ಲಿ ಡ್ರಾಫ್ಟ್ ಬರೆದ ಮನುಷ್ಯ, ಓದುವುದಕ್ಕೇನೂ ತೊಂದರೆ ಇಲ್ಲ. ಅಮ್ಮ ಅಡುಗೆಮನೆಯಿಂದ ಒಮ್ಮೆ ಇಣುಕಿ, 'ಮ್ಯಾಗಿ ಅಂದ್ರೆ ಆ ಶ್ಯಾವಿಗೆ ಅಲ್ವೇನೆ?' ಅಂತ ಕೇಳಿ ಹೋದರು.

ಶುರುವಿನ ಹಾಡಿನಲ್ಲಿ ಮ್ಯಾಗಿಯನ್ನು ಅಂಗಡಿಯ ಸಾಮಾನಿನ ಜೊತೆ ಬಿಲ್ ಮಾಡುವ ದೃಶ್ಯ ಇದೆ. ಹಳೆ ಕಂತುಗಳಲ್ಲಿ ಮಷೀನು 847 ಡಾಲರ್ 63 ಸೆಂಟ್ ಅಂತ ತೋರಿಸುತ್ತೆ. ಆಗ ಅಲ್ಲಿ ಒಂದು ಕೂಸನ್ನು ತಿಂಗಳು ಸಾಕಲು ಆಗುತ್ತಿದ್ದ ಖರ್ಚಂತೆ. ಇದನ್ನು ಹೇಳಿದೆ. 'ಹಾಲು ಕೊಳ್ಳೋರಿಗೆ ಅಷ್ಟಾಗುತ್ತೆ' ಅಂದರು ಅಪ್ಪ.

ತಲೆ ಬಾರಿಸುವ ದೃಶ್ಯಕ್ಕೆ ಚೆನ್ನಾಗಿ ನಕ್ಕರು. ಸೇತುವೆ ಸುಟ್ಟಾಗ ಮುಖ ಗಂಭೀರವಾಯಿತು. 'ರಾಜೀನಾಮೆ ಕೊಟ್ಟನಾ? ಸರ್ವಿಸ್ ಬ್ರೇಕ್ ಆಗುತ್ತಲ್ಲೇ!' ಆ ಗಿಡ್ಡ ಬಾಗಿಲಿನ ಹತ್ತಿರ ನಾನೊಬ್ಬಳೇ ನಕ್ಕೆ. ಕೊನೆಯ ದೃಶ್ಯ ಬಂತು. ನಾನು ಪರದೆ ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತಿದ್ದೆ.

'ಒಂದ್ನಿಮಿಷ ನಿಲ್ಲಿಸು' ಅಂದರು. ಕನ್ನಡಕ ಮೇಲೆತ್ತಿ ಪರದೆಗೆ ಮೂಗು ತಾಗಿಸಿದರು. 'ಆ ವಾಕ್ಯದಲ್ಲಿ ಐ ಅಕ್ಷರವೇ ಇಲ್ವಲ್ಲ. ಇಟ್ ಅನ್ನೋದಕ್ಕೆ ಎಲ್ಲಿಂದ ಬಂತು?'

ಹತ್ತು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ನೋಡಿದರೆ ನಿಜ. 'ಡೋಂಟ್'ನಲ್ಲಿರುವ ಎನ್ ಅಕ್ಷರದ ಒಂದು ಕಡ್ಡಿ ಮಾತ್ರ ಬಿಟ್ಟು ಉಳಿದದ್ದಕ್ಕೆ ಫೋಟೋ ಅಂಟಿಸಿದ್ದಾನೆ. 'ಜಾಣ' ಅಂದರು ಅಪ್ಪ. ಅವರ ಕಡೆಯಿಂದ ಅಷ್ಟೇ ವಿಮರ್ಶೆ.

ಆಮೇಲೆ ಟವಲ್ಲಿನಿಂದ ಕನ್ನಡಕ ಒರೆಸುತ್ತಾ, ತಮಗೆ ತಾವೇ ಹೇಳಿಕೊಂಡ ಹಾಗೆ, 'ರಾಜೀನಾಮೆ ಕೊಡಬಾರದಿತ್ತು. ರಜೆ ಹಾಕಿದ್ರೆ ಆಗ್ತಿತ್ತು, ನನ್ ಥರ' ಅಂದರು.

'ನೀವು ಯಾವಾಗ ರಜೆ ಹಾಕಿದ್ರಿ?'

'ಆ ಕೋಳಿ ಪುರಾಣ ಈಗ್ಯಾಕೆ' ಅಂತ ಅಡುಗೆಮನೆಯಿಂದ ಅಮ್ಮನ ದನಿ.

ಕೋಳಿ ಪುರಾಣ! ಮೂವತ್ತು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ. ಅಪ್ಪ ಬಾಗಿಲ ಕಡೆ ಒಮ್ಮೆ ನೋಡಿದರು, ಯಾರೋ ಕೇಳಿಸಿಕೊಳ್ಳುತ್ತಾರೆ ಅನ್ನುವ ಹಾಗೆ. ಆಮೇಲೆ ತಾವು ನಿವೃತ್ತರು ಅನ್ನೋದು ನೆನಪಾಯಿತೇನೋ. 1985ರಲ್ಲಿ ಸಂಬಳವಿಲ್ಲದ ರಜೆ ಹಾಕಿ ಕೋಳಿ ಫಾರಂ ಮಾಡಿದ್ದರಂತೆ. ಸರ್ಕಾರಿ ನೌಕರರು ವ್ಯಾಪಾರ ಮಾಡುವ ಹಾಗಿಲ್ಲ, ಹಾಗಾಗಿ ಎಲ್ಲ ಅಮ್ಮನ ಹೆಸರಿನಲ್ಲಿ. ಮುನ್ನೂರು ಕೋಳಿ. ಮೊಟ್ಟೆ ಚೆನ್ನಾಗಿಯೇ ಹೋಗುತ್ತಿತ್ತಂತೆ. ಕೊಕ್ಕರೆ ರೋಗ ಬಂದು ಒಂದು ವಾರದಲ್ಲಿ ಶೆಡ್ಡು ಖಾಲಿ. ಅಷ್ಟು ಹೊತ್ತಿಗೆ ಅಮ್ಮನಿಗೆ ಏಳು ತಿಂಗಳು.

'ಮತ್ತೆ ಡ್ಯೂಟಿ ರಿಪೋರ್ಟ್ ಮಾಡ್ಕೊಂಡೆ' ಅಂದರು. ಎಷ್ಟು ತಗ್ಗಿದ ಬಾಗಿಲಿನಿಂದ ಒಳಗೆ ಹೋದರೋ, ಹೇಳಲಿಲ್ಲ.

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬೀರುವಿನ ಕೆಳಗಿನ ಖಾನೆಯಿಂದ ಒಂದು ಹಳೆ ಕವರ್ ತೆಗೆದರು. ಸಾಲದ ಅರ್ಜಿಗೆ ಶೆಡ್ಡಿನ ಫೋಟೋ ಬೇಕು ಅಂತ ಕ್ಯಾಮೆರಾ ಇಸಿದುಕೊಂಡು ಬಂದು ತೆಗೆದದ್ದಂತೆ. ಒಂದು ರೀಲು, 36 ಫೋಟೋ, ಎಲ್ಲ ಕೋಳಿ. ಕಾಳು ತಿನ್ನುವ ಕೋಳಿ, ನೀರು ಕುಡಿಯುವ ಕೋಳಿ, ಸುಮ್ನೆ ನಿಂತ ಕೋಳಿ. ಆಮೇಲೆ ಇನ್ನೊಂದು ರೀಲಿಗೆ ದುಡ್ಡು ಎಲ್ಲಿತ್ತು ಅಂದರು ಅಮ್ಮ. ನನ್ನ ಫೋಟೋಗಳು ಹೋದದ್ದು ಇಲ್ಲಿಗೆ.

ಒಂದರಲ್ಲಿ ಮಾತ್ರ ಅಮ್ಮ ಇದ್ದರು. ಕಂಕುಳಲ್ಲಿ ಕಾಳಿನ ಬುಟ್ಟಿ, ಸೆರಗು ಮುಂದಕ್ಕೆ ಎಳೆದುಕೊಂಡಿದ್ದಾರೆ.

'ಇದ್ರಲ್ಲಿ ನೀನೂ ಇದೀಯ ನೋಡು' ಅಂತ ಬುಟ್ಟಿಯ ಪಕ್ಕ ಬೆರಳಿಟ್ಟು ತೋರಿಸಿದರು.

ನನ್ನದು 3 ಆಯಿತು.

ಅಪ್ಪನೂ ಅದೇ ಫೋಟೋ ಮೇಲೆ ಬಗ್ಗಿದ್ದರು. ಅವರ ಬೆರಳು ಮೂಲೆಯಲ್ಲಿತ್ತು. 'ಇದು ನೋಡು, ಬಿಳೀದು' ಅಂದರು, 'ಒಂದು ದಿನ ತಪ್ಪದ ಹಾಗೆ ಇಡೋದು.'