ಎಲ್ಲೂ ಇಳಿಯದ ಕಂಟೇನರ್

ಕೆಮಿಕಲ್ ಎಕ್ಸ್‌ಪೋರ್ಟ್ ಪೇಪರ್ ನೋಡುವುದು ನನ್ನ ಕೆಲಸ. ಯುಎನ್ ನಂಬರ್ (ಅಪಾಯಕಾರಿ ವಸ್ತುವಿನ ಗುರುತಿನ ಸಂಖ್ಯೆ), ಕ್ಲಾಸ್ 8ರ ಲೇಬಲ್ (ಆಸಿಡ್‌ನಂಥ ಕೊರೆಯುವ ವಸ್ತು ಅಂತ ತೋರಿಸುವ ಗುರುತು), ಸರಕಿನ ಡಿಕ್ಲರೇಷನ್ ಸರಿ ಇದ್ದರೆ ಆಯ್ತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅಷ್ಟೇ ಸಾಲದು.

2021ರ ಎಕ್ಸ್-ಪ್ರೆಸ್ ಪರ್ಲ್ ಹಡಗು ನೆನಪಿದೆಯಾ? ಅದರಲ್ಲಿ 25 ಟನ್ ನೈಟ್ರಿಕ್ ಆಸಿಡ್ ಇತ್ತು, ಒಂದು ಕಂಟೇನರ್ ಸೋರುತ್ತಿದೆ ಅಂತ ಗೊತ್ತಾಗಿ ಕತಾರ್‌ನ ಹಮದ್ ಬಂದರಿನಲ್ಲೂ ಗುಜರಾತಿನ ಹಜೀರಾ ಬಂದರಿನಲ್ಲೂ ಇಳಿಸಿಕೊಳ್ಳಿ ಅಂತ ಕೇಳಿದರು, ಎರಡೂ ಕಡೆ ಆಗಲಿಲ್ಲ. ಕೊಲಂಬೊ ಹತ್ತಿರ ಬೆಂಕಿ ಬಿತ್ತು, ಹಡಗು ಮುಳುಗಿತು, ದಡದ ತುಂಬ ಪ್ಲಾಸ್ಟಿಕ್ ಕಾಳು. ಬಂದರಿನವರನ್ನು ಸುಮ್ನೆ ಬೈಯೋಕೂ ಆಗಲ್ಲ, ಸೋರುವ ಆಸಿಡ್ ಮುಟ್ಟೋಕೆ ತರಬೇತಿ ಇರುವ ಜನ ಬೇಕು ಅಲ್ವಾ. ಕಂಟೇನರ್‌ಗೆ ಸರಕು ತುಂಬುವ ಜಾಗದಲ್ಲೇ ಬಿಗಿಯಾಗಿ ನೋಡಬೇಕಿತ್ತು ಅನ್ನೋದು ನನ್ನ ಸಿಟ್ಟು.

ಪ್ಯಾಕಿಂಗ್ ಫೋಟೋ ಕೇಳಿದರೆ ಮುಖ ಊದಿಸುವ ಸರಕು ಕಳಿಸುವ ಪಾರ್ಟಿಗಳಿಗೆ ಈಗ ಆ ಹಡಗಿನ ಫೋಟೋ ಕಳಿಸುತ್ತೇನೆ.